ನಲವತ್ತೆಂಟು ದಿನದ ಪರೀಕ್ಷೆ

ನಮ್ಮ ಯಜಮಾನರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಕಾದ ಸೀಸ ಬಿದ್ದು ಉದುರಿಹೋಗಿತ್ತಂತೆ. ಆ ಜಾಗದಲ್ಲಿ ಹುರಿದ ಕಡಲೆಬೀಜದ ಬಣ್ಣದ ಗಟ್ಟಿ ಚರ್ಮ. ಕಂಪ್ಯೂಟರಿನ ಬೋರ್ಡು ಬಿಸಿಯಾಗಿದೆಯೋ ಇಲ್ಲವೋ ಎಂದು ಆ ಬೆರಳನ್ನೇ ಒತ್ತಿ ತೀರ್ಪು ಕೊಡುತ್ತಿದ್ದರು. ಮರಗಟ್ಟಿದ ಬೆರಳಿಗೆ ಬಿಸಿ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಧೈರ್ಯ ಇಡೀ ಕೋಲಾರದಲ್ಲಿ ಯಾರಿಗೂ ಇರಲಿಲ್ಲ.

ಎಂಬತ್ತರ ದಶಕದ ಕೊನೆ. ನಾನು ನನ್ನ ಟೈಪಿಂಗ್ ಶಾಲೆಗೆ ಬೀಗ ಹಾಕಿ ಅವರ ಅಂಗಡಿ ಸೇರಿದ್ದೆ. ಬೆಂಗಳೂರಿನಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಮಾರುವವರು ಈ ಕಡೆ ಮೂವರೇ: ಮಾಲೂರಿನಲ್ಲಿ ಒಬ್ಬರು, ಶ್ರೀನಿವಾಸಪುರದಲ್ಲಿ ಒಬ್ಬರು, ಕೋಲಾರದಲ್ಲಿ ನಾವು. ಇದನ್ನು ನಾವು ಉದ್ಯಮ ಎಂದು ಕರೆಯುತ್ತಿದ್ದೆವು. ಊರಿನವರು ರೇಡಿಯೊ ಅಂಗಡಿ ಎಂದೇ ಕರೆಯುತ್ತಿದ್ದರು.

ಒಂದು ದಿನ ಬೆಂಗಳೂರಿನ ಏಜೆಂಟೊಬ್ಬ ಹೊಸ ಆಪರೇಟಿಂಗ್ ಸಿಸ್ಟಮ್ ತಂದ. ಆರು ಫ್ಲಾಪಿ. ಯಂತ್ರಕ್ಕೆ ತುಂಬಿದರೆ ಪರದೆಯ ಮೇಲೆ ಚೌಕ ಚೌಕವಾಗಿ ಕಿಟಕಿಗಳು ತೆರೆದುಕೊಂಡವು, ಬಾಣವೊಂದು ಇಲಿಯ ಹಾಗೆ ಓಡಾಡಿತು. ಆಜ್ಞೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಮಾಲೂರಿನವರೂ ಶ್ರೀನಿವಾಸಪುರದವರೂ ಬಂದು ಕೂತರು. ಮಾರುವುದೋ ಬೇಡವೋ ಎಂಬುದು ಪ್ರಶ್ನೆ.

"ನೀವು ಹೇಳಿದಂಗೆ ಸ್ವಾಮಿ," ಎಂದರು ಮಾಲೂರಿನವರು. "ನೀವು ಹೂಂ ಅಂದ್ರೆ ನಾವಿಬ್ಬರೂ ಮಾರ್ತೀವಿ."

"ಒಂದು ಮಂಡಲ ಓಡಿಸಿ ನೋಡ್ತೀನಿ," ಎಂದರು ಯಜಮಾನರು.

ಮಂಡಲ ಎಂದರೆ ನಲವತ್ತೆಂಟು ದಿನ. ಬೇರೆಯವರು ವ್ರತಕ್ಕೆ, ಪಂಡಿತರ ಲೇಹ್ಯಕ್ಕೆ ಹಿಡಿಯುವ ಲೆಕ್ಕವನ್ನು ಇವರು ಯಂತ್ರಕ್ಕೆ ಹಿಡಿಯುತ್ತಿದ್ದರು. ಹೊಸದೇನೇ ಬರಲಿ, ಅಷ್ಟು ದಿನ ಎಡೆಬಿಡದೆ ಓಡದೆ ಅದು ಗಿರಾಕಿಯ ಮುಖ ನೋಡುವಂತಿರಲಿಲ್ಲ.

ಏಜೆಂಟ್ ನಕ್ಕ. "ಸಾಫ್ಟ್‌ವೇರ್‌ಗೂ ಮಂಡಲ ಪೂಜೇನಾ ಸಾರ್?"

"ಪೂಜೆ ಅಲ್ಲಪ್ಪಾ, ಪರೀಕ್ಷೆ. ನನ್ನ ಮಾತು ನಂಬಿ ತೊಗೊಳ್ಳೋರು ಇದಾರೆ."

ಕೋಲಾರದಲ್ಲಿ ಕರೆಂಟು ದಿನಕ್ಕೆ ಐದಾರು ಸಲ ಹೋಗಿ ಬರುತ್ತಿತ್ತು. ಮೊದಲ ದಿನವೇ ಹೋಯಿತು, ವ್ರತ ಕೆಟ್ಟಿತು. ಆಗ ನನಗೊಂದು ಉಪಾಯ ಹೊಳೆಯಿತು. ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವ ನಂಗಲಿಗೆ ಹೋಗಿ ಎರಡು ಲಾರಿ ಬ್ಯಾಟರಿ ತಂದೆ, ಇನ್ವರ್ಟರ್ ಒಂದನ್ನು ಕಟ್ಟಿದೆ. ಕರೆಂಟು ಹೋದರೂ ಯಂತ್ರಕ್ಕೆ ಗೊತ್ತಾಗುವಂತಿಲ್ಲ. "ಭೇಷ್ ಕಣಯ್ಯಾ!" ಎಂದು ಯಜಮಾನರು ಬೆನ್ನು ತಟ್ಟಿದರು. ಮತ್ತೆ ಒಂದರಿಂದ ಎಣಿಸಿದೆವು. ನಲವತ್ತೆಂಟೂ ದಿನ ಯಂತ್ರ ಕಣ್ಣು ಮುಚ್ಚಲಿಲ್ಲ. ಕೊನೆಯ ದಿನ ಹೆಸರುಬೇಳೆ ಕೋಸಂಬರಿ ಹಂಚಿದೆವು. ಯಜಮಾನರು ಎದ್ದು ನಿಂತು, ಹೈಕೋರ್ಟು ತೀರ್ಪು ಓದುವ ಗಾಂಭೀರ್ಯದಲ್ಲಿ, "ಮಾರಬಹುದು," ಎಂದರು.

ಮೂರು ಅಂಗಡಿಗಳಿಂದ ಹನ್ನೊಂದು ಯಂತ್ರ ಹೋದವು. ಅದರಲ್ಲೊಂದು ಮುಳಬಾಗಿಲಿನ ಡಾಕ್ಟರೊಬ್ಬರ ಆಸ್ಪತ್ರೆಗೆ. ಹೆದ್ದಾರಿಯ ಅಪಘಾತಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ರಕ್ತ ಕೊಡಲು ಒಪ್ಪಿದವರ ಹೆಸರು, ಮನೆ, ರಕ್ತದ ಗುಂಪು ಎಲ್ಲವನ್ನೂ ಯಂತ್ರಕ್ಕೆ ತುಂಬಿಸಿ, ಹಳೆಯ ನೋಟುಬುಕ್ಕನ್ನು ರದ್ದಿಗೆ ಹಾಕಿದ್ದರು. ಹಾಕಿ ಎಂದು ಹೇಳಿದವರು ನಾವೇ.

ಮೂರನೆಯ ವಾರದ ಒಂದು ಮಧ್ಯಾಹ್ನ ಡಾಕ್ಟರ ಫೋನು ಬಂತು. ಲಾರಿ ಕ್ಲೀನರ್ ಒಬ್ಬನಿಗೆ ತುರ್ತಾಗಿ ರಕ್ತ ಬೇಕು. ಪಟ್ಟಿ ತೆರೆದು ಹೊಸ ಹೆಸರೊಂದನ್ನು ಸೇರಿಸುತ್ತಿದ್ದಾಗಲೇ ಕರೆಂಟು ಹೋಗಿದೆ. ಬಂದ ಮೇಲೆ ನೋಡಿದರೆ ಪಟ್ಟಿ ಖಾಲಿ. ಒಂದು ಹೆಸರೂ ಇಲ್ಲ. "ನರ್ಸಮ್ಮ ಬಸ್ ಸ್ಟ್ಯಾಂಡಿಗೆ ಓಡಿದ್ದಾರೆ ರೀ, ನೆನಪಿರೋರನ್ನ ಕೈ ಹಿಡಿದು ಎಳ್ಕೊಂಡು ಬರೋಕೆ. ಏನ್ರೀ ಮಾರಿದ್ರಿ ನಮಗೆ?"

ಯಜಮಾನರು ಫೋನಿಟ್ಟು ನನ್ನನ್ನು ನೋಡಿದರು. "ನಲವತ್ತೆಂಟು ದಿನದಲ್ಲಿ ಒಂದ್ಸಲಾನಾದ್ರೂ ಕರೆಂಟ್ ತೆಗೆದು ನೋಡಿದ್ವೇನಯ್ಯಾ?"

ಈ ಊರಿನಲ್ಲಿ ದಿನಾ ತಪ್ಪದೆ ನಡೆಯುವ ಒಂದೇ ಒಂದು ಸಂಗತಿಯನ್ನು ಪರೀಕ್ಷೆಯಿಂದ ನಾವೇ ಹೊರಗಿಟ್ಟಿದ್ದೆವು, ಅದೂ ಬ್ಯಾಟರಿ ಕಟ್ಟಿ.

ಅವರು ನಮ್ಮ ಯಂತ್ರದಲ್ಲಿ ಒಂದು ಪಟ್ಟಿ ತೆರೆದು, ಟೈಪ್ ಮಾಡುತ್ತಲೇ ಪ್ಲಗ್ ಕಿತ್ತರು. ಖಾಲಿ. ಮತ್ತೆ ತುಂಬಿ, ಮತ್ತೆ ಕಿತ್ತರು. ಏಳು ಸಲದಲ್ಲಿ ನಾಲ್ಕು ಸಲ ಖಾಲಿ. ಹಳೆಯ ಸಿಸ್ಟಮ್ ಬರೆದದ್ದನ್ನು ಆಗಿಂದಾಗಲೇ ಡಿಸ್ಕಿಗೆ ಇಳಿಸುತ್ತಿತ್ತು. ಹೊಸದು ಸೋಮಾರಿ ಗುಮಾಸ್ತನ ಹಾಗೆ ಹಳೆಯ ಪುಟವನ್ನು ಅಳಿಸಿ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಆಮೇಲೆ ಬರೆದರಾಯಿತು ಎನ್ನುತ್ತಿತ್ತು.

ಯಜಮಾನರು ಸ್ಟೂಲಿನ ಮೇಲೆ ಕುಸಿದು, ಮನೆಮಾತಿನಲ್ಲಿ, "ಎಂತ ಪನಿ ಚೇಸ್ತಿನಿ ರಾ," ಎಂದರು. ಎಂಥ ಕೆಲಸ ಮಾಡಿಬಿಟ್ಟೆನಲ್ಲೋ. ಅಂಗಡಿಯಲ್ಲಿ ಅವರು ತೆಲುಗು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಂಜೆ ಮತ್ತೆ ಫೋನು. ನರ್ಸಮ್ಮನಿಗೆ ಟೈಲರ್ ಒಬ್ಬನ, ಹೋಟೆಲಿನ ಭಟ್ಟರೊಬ್ಬರ ಮುಖ ನೆನಪಿತ್ತು. ಕ್ಲೀನರ್ ಬದುಕಿದ.

ಯಜಮಾನರಿಗೆ ಅಷ್ಟು ಸಾಲಲಿಲ್ಲ. ಮರುದಿನ ಬೆಳಗ್ಗೆಯೇ ಹಳೆಯ ಸಿಸ್ಟಮ್‌ನ ಫ್ಲಾಪಿಗಳನ್ನು ಚೀಲಕ್ಕೆ ತುಂಬಿಸಿ, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ಹನ್ನೊಂದು ಕಡೆಗೂ ಹೋದೆವು. ಪ್ರತಿ ಕಡೆಯೂ ಹೊಸದನ್ನು ಕಿತ್ತು ಹಳೆಯದನ್ನು ಹಾಕುವ ಮೊದಲು ನಿಂತುಕೊಂಡೇ ಹೇಳುತ್ತಿದ್ದರು: "ತಪ್ಪು ನಂದು. ಪರೀಕ್ಷೆ ಸರಿಯಾಗಿ ಮಾಡ್ಲಿಲ್ಲ." ಮಾಲೂರಿನವರು ಗಿರಾಕಿಯ ಎದುರಿಗೇ ರೇಗಿದರು. "ನಿಮ್ಮನ್ನ ನಂಬಿ ಮಾರಿದೆನಲ್ಲ ಸ್ವಾಮಿ! ಇನ್ನು ನನ್ನ ಅಂಗಡಿಗೆ ಯಾರು ಬರ್ತಾರೆ?" ಯಜಮಾನರು ತಲೆ ತಗ್ಗಿಸಿ, "ತಪ್ಪು ನಂದು," ಎಂದು ಅದನ್ನೇ ಇನ್ನೊಮ್ಮೆ ಹೇಳಿದರು.

ಮೊದಲ ದಿನವೇ ವಾಪಸು ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಬ್ಯಾಟರಿ ಕಟ್ಟಿದ್ದು ನಾನು. ನಾಳೆಯಿಂದ ನಾನೇ ಹೇಳ್ತೀನಿ."

"ಮಾರಬಹುದು ಅಂದ ಬಾಯಿ ಯಾರದಯ್ಯಾ?"

"ನಿಮ್ಮದು."

"ಹಂಗಾದ್ರೆ ಆ ಬಾಯೇ ಹೇಳ್ಬೇಕು. ನೀನು ಫ್ಲಾಪಿ ಬಾಗದಂಗೆ ಹಿಡ್ಕೋ."

ಏಜೆಂಟ್ ಮತ್ತೆ ಈ ಕಡೆ ಸುಳಿಯಲಿಲ್ಲ. ಕಿಟಕಿ ಬೇಕೆನ್ನುವ ಗಿರಾಕಿಗಳು ಬೆಂಗಳೂರಿಗೇ ಹೋಗತೊಡಗಿದರು. ನಾಲ್ಕು ವರ್ಷದ ಮೇಲೆ ಯಜಮಾನರು ಕೋಲಾರದ ಆಸ್ಪತ್ರೆಯಲ್ಲಿ ಹೃದಯ ನಿಂತು ತೀರಿಕೊಂಡರು. ಮಾಲೂರಿನವರೂ ಮನೆಗೆ ಬಂದು ಹಾರ ಹಾಕಿದರು. ಹೊರಗೆ ಬಂದು ನನ್ನ ಪಕ್ಕ ನಿಂತು, "ಒಳ್ಳೆ ಮನುಷ್ಯ ಕಣ್ರೀ. ಅದೊಂದು ಎಡವಟ್ಟು ಮಾಡ್ಕೊಂಡ್ರು ನೋಡಿ," ಎಂದರು.

"ಅವರಲ್ಲ, ನಾನು," ಎಂದೆ. ಬ್ಯಾಟರಿಯ ಕಥೆಯನ್ನು ಪೂರ್ತಿ ಹೇಳಿದೆ.

"ಅವರ ಹತ್ರ ನಾನು ನಾಲ್ಕು ವರ್ಷ ಮಾತು ಬಿಟ್ಟಿದ್ದೆನಲ್ಲ ರೀ," ಎಂದರು ಮಾಲೂರಿನವರು. ಆಮೇಲೆ ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಹೋದರು.