ಅಂಗಳದ ಗಿಡ್ಡ ಏಣಿ

ಬೋರಮ್ ತನ್ನ ಭಾವೀ ಮಾವನನ್ನು ಮೊದಲು ಕಂಡದ್ದು ಸಾಂಗ್ಜು ಪೇಟೆಯ ಊಟದಂಗಡಿಯಲ್ಲಿ. ನಿವೃತ್ತ ಗಣಿತದ ಮೇಷ್ಟ್ರು ಪ್ಯೋ ದಲ್ಸು ಹುಡುಗಿಯ ಊರು ಮನೆತನ ಒಂದನ್ನೂ ಕೇಳದೆ, ಸಾರಿನ ಬಟ್ಟಲಿನ ಅಂಚಿಗೆ ಊಟದ ಕಡ್ಡಿಯನ್ನು ಓರೆಯಾಗಿ ಆನಿಸಿ, "ಬಟ್ಟಲಿನ ಎತ್ತರ ಮೂರು, ಬುಡದ ದೂರ ನಾಲ್ಕು. ಓರೆ ಎಷ್ಟಮ್ಮಾ?" ಎಂದರು. "ಐದು." "ಸರಿ, ಮದುವೆ ಗೊತ್ತಾಯ್ತು!" "ಮಗು ಅನ್ನಾನಾದ್ರೂ ತಿನ್ಲಿ ಬಿಡ್ರೀ," ಎಂದು ಪಕ್ಕದಲ್ಲಿ ಕೂತಿದ್ದ ಭಾವೀ ಅತ್ತೆ ಗದರಿದರು. ಮಾವನ ಕಣ್ಣಿಗೆ ಲೋಕವೆಲ್ಲ ಲಂಬಕೋನವೇ. ಗದ್ದೆಯ ಬದು ಬಿಟ್ಟು ಮೂಲೆಯಿಂದ ಮೂಲೆಗೆ ನಡೆದು, ಮೊಣಕಾಲವರೆಗೆ ಕೆಸರಲ್ಲಿ ಹೂತರೂ, "ಇದೇ ಹತ್ತಿರದ ದಾರಿ!" ಎನ್ನುತ್ತಿದ್ದರು. ಪರ್ಸಿಮನ್ ಹಣ್ಣಾಗುವ ಕಾಲಕ್ಕೆ ಕೊಂಬೆಯ ಎತ್ತರ, ಬುಡದ ದೂರ ಅಳೆದು, ವರ್ಗ ಕೂಡಿಸಿ, ಮೂಲ ತೆಗೆದು, ಊರಿಗೆಲ್ಲ ಏಣಿಯ ಉದ್ದ ಹೇಳುವವರು ಅವರೇ. ಆದರೆ ಅವರದೇ ಅಂಗಳದ ಮರಕ್ಕಿಟ್ಟ ಏಣಿ ಮಾತ್ರ ಮೊದಲ ಕೊಂಬೆಗೂ ಎಟುಕದು. "ನಾವು ಹಕ್ಕಿಗಳಿಗೆ ಅಂತ ತುದಿಯ ನಾಲ್ಕು ಹಣ್ಣು ಬಿಡ್ತೀವಿ, ಮೇಷ್ಟ್ರು ಇಡೀ ಮರಾನೇ ಬಿಡ್ತಾರೆ!" ಎಂದು ಪಕ್ಕದ ಮನೆಯವರು ಆಡಿಕೊಂಡರೆ, "ಲೆಕ್ಕ ತಪ್ಪೋಯ್ತಪ್ಪ, ವಯಸ್ಸಾಯ್ತು," ಎಂದು ತಲೆ ತಗ್ಗಿಸುತ್ತಿದ್ದರು. ಬೋರಮ್ ಒಮ್ಮೆ ಏಣಿಯ ಕಾಲು ನೋಡಿದಳು. ಗರಗಸದ ಗುರುತು ಇನ್ನೂ ಹಸಿಯಾಗಿತ್ತು. ಹಿಂದೊಮ್ಮೆ ಹಣ್ಣು ಕೀಳಲು ಹತ್ತಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೂ ಅತ್ತೆ ತಾವೇ ಹತ್ತಬೇಕೆಂದು ಪ್ರತಿ ವರ್ಷ ಹೊಸ ಏಣಿ ಮಾಡಿಸುತ್ತಾರೆ. ಈಗಲೂ ಮಾವ ಸರಿಯಾದ ಉದ್ದವನ್ನು ಲೆಕ್ಕ ಹಾಕಿ, ಅದಕ್ಕಿಂತ ಗಿಡ್ಡವಾಗಿ ಕೊಯ್ದಿಡುತ್ತಾರೆ.