ಕರಡಿಗೆ ನೀರು

ಹಡಗು ಹತ್ತಿದ ಮೊದಲ ದಿನವೇ ನನ್ನ ಮೊಮ್ಮಗಳನ್ನು ಒಂದು ಬಿಳಿ ಕರಡಿ ತಬ್ಬಿಕೊಂಡಿತು. ಊಟದ ಹಾಲ್‌ನ ಬಾಗಿಲಲ್ಲಿ ನಿಂತು ಮಕ್ಕಳಿಗೆ ಶೇಕ್‌ಹ್ಯಾಂಡ್ ಕೊಡುವುದೇ ಅದರ ಕೆಲಸ. ಪಕ್ಕದಲ್ಲೊಂದು ಪೆಂಗ್ವಿನ್. ಪೆಂಗ್ವಿನ್ ಇರುವುದು ಸೌತ್ ಪೋಲಿನ ಕಡೆ ಎಂದು ನಮ್ಮ ಕಾನ್ವೆಂಟಿನ ಜಿಯಾಗ್ರಫಿ ಸಿಸ್ಟರ್ ಹೇಳಿಕೊಟ್ಟಿದ್ದರು. ನಾರ್ವೆಯ ಹಡಗಿಗೆ ಅದು ಹೇಗೆ ಬಂತೋ. ವೇಷದವರನ್ನು ಯಾರು ಕೇಳುತ್ತಾರೆ! ಉಳಿದ ಮಕ್ಕಳು ಫೋಟೋಕ್ಕೆ ಕ್ಯೂ ನಿಂತರೆ, ನಮ್ಮ ಐದು ವರ್ಷದವಳು ಚೀರಿಕೊಂಡು ಓಡಿಬಂದು ಕ್ಯಾಬಿನ್ನಿನ ರಜಾಯಿಯೊಳಗೆ ಸೇರಿಕೊಂಡಳು.

ಮಗಳು, ಅಳಿಯ ಇಬ್ಬರೂ ಬೀದರಿನ ನೌಬಾದದಲ್ಲಿ ದವಾಖಾನೆ ನಡೆಸುವವರು. ಮಗುವಿಗೆ ಹಿಮದ ಗುಡ್ಡ ತೋರಿಸಬೇಕೆಂದೇ ಇಷ್ಟು ದೂರ ಬಂದದ್ದು. ಮಾರನೆಯ ದಿನವೂ ಅವಳು ಬಾಗಿಲು ದಾಟಲಿಲ್ಲ. ಗುಡ್ಡಗಳು ತಮ್ಮ ಪಾಡಿಗೆ ಸರಿದು ಹೋಗುತ್ತಿದ್ದವು. ಅವಳ ಊಟ ತಟ್ಟೆಯಲ್ಲಿ ಕ್ಯಾಬಿನ್ನಿಗೇ ಬರುತ್ತಿತ್ತು.

“ಅದರಾಗ ಒಬ್ಬ ಮನುಷ್ಯಾ ಇರ್ತಾನ, ಬಂಗಾರಿ,” ಎಂದು ಮಗಳು ರಮಿಸಿದಳು.

“ಮನುಷ್ಯಾ ಇದ್ರ ಮಾತಾಡ್ತಿದ್ದ. ಅದು ಯಾಕ ಸುಮ್ನ ನಿಲ್ತದ?”

ಮಗಳು ನನ್ನ ಕಡೆ ತಿರುಗಿದಳು. “ನೀನರ ಹೇಳವ್ವಾ. ನಿನ್ನ ಕಾನ್ವೆಂಟಿನಾಗ ಇದಕ್ಕೇನೂ ಕಲಿಸಿಲ್ಲೇನು?”

ಬೀದರಿನ ಕಾನ್ವೆಂಟಿನಲ್ಲಿ ಕಲಿಸಿದ್ದು ಟೇಬಲ್ ಮ್ಯಾನರ್ಸ್ ಮತ್ತು ಕರ್ಸಿವ್ ರೈಟಿಂಗ್. ಇದನ್ನು ನಾನು ಕಲಿತದ್ದು ಭಾಲ್ಕಿಯಲ್ಲಿ, ರಜೆಗೆ ಮನೆಗೆ ಹೋಗಿದ್ದಾಗ.

ಅದು ಬರದ ವರ್ಷ. ನಮ್ಮ ಓಣಿಯ ಬಾವಿಯ ತಳ ಕಾಣುತ್ತಿತ್ತು. ಮನೆಮನೆಯ ಮುಂದೆ ದಿನಕ್ಕೊಂದು ವೇಷ ಕಟ್ಟಿ ಆಡುವ ಒಬ್ಬ ಬಹುರೂಪಿ ಔರಾದ ಕಡೆಯಿಂದ ನಡೆದುಕೊಂಡು ಬಂದಿದ್ದ. ಅಲ್ಲಿಯ ಹಳ್ಳಿಗಳಲ್ಲಿ ವೇಷ ನೋಡುವವರೇ ಗುಳೆ ಹೋಗಿದ್ದರಂತೆ. ಅವತ್ತು ಅವನು ಹುಲಿ. ರದ್ದಿ ಕಾಗದ ಅರೆದು ಮಾಡಿದ ಮುಖವಾಡ, ಮೈತುಂಬ ಹಳದಿ ಬಣ್ಣ. ನಾನು ಜೋಳದ ಚೀಲದ ಹಿಂದೆ ಅಡಗಿಕೊಂಡೆ. ಅವ್ವ ನನಗೆ ಹೆದರಬೇಡ ಅನ್ನಲಿಲ್ಲ. ಹುಲಿಯನ್ನೇ ಮಾತಾಡಿಸಿದಳು.

“ಬಿಸಲಾಗ ಬಂದೀಯಪ್ಪ. ನೀರು ಕುಡೀತೀಯೇನು?”

ಹುಲಿ ಕಟ್ಟೆಯ ಮೇಲೆ ಕುಳಿತು ತನ್ನ ತಲೆಯನ್ನು ತೆಗೆದು ಪಕ್ಕಕ್ಕಿಟ್ಟಿತು. ಒಳಗಿದ್ದದ್ದು ನರೆತ ಮೀಸೆಯ ಒಂದು ಮುಖ. ಬೆವರಿಗೆ ಕುತ್ತಿಗೆಯ ಬಣ್ಣ ಕರಗಿ ಇಳಿದಿತ್ತು. ತಂಬಿಗೆ ಎತ್ತಿದವನು ಖಾಲಿ ಮಾಡಿಯೇ ಇಳಿಸಿದ.

“ಇನ್ನಾ ಜರಾ ಹಾಕ್ರಿ ಅವ್ವಾರ.”

ಅವ್ವ ಕೊಡದೊಳಗೆ ಒಮ್ಮೆ ಇಣುಕಿ ನೋಡಿ, ಆಮೇಲೆ ಹಾಕಿದಳು. ಆ ಇಣುಕಿದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಅವನು ಕುಡಿದು, ಬಾಯಿ ಒರೆಸಿಕೊಂಡು, ತಲೆ ಹಾಕಿಕೊಂಡು ಮತ್ತೆ ಗರ್ಜಿಸಿದ. ಅಷ್ಟರಲ್ಲಿ ನಾನು ಹೊಸ್ತಿಲ ಮೇಲೆ ಬಂದು ಕೂತಿದ್ದೆ. ನೀರು ಕೇಳಿದ ಹುಲಿಗೆ ಹೆದರುವುದು ಹೇಗೆ? ಮುಂದಿನ ವರ್ಷದಿಂದ ಅವನು ನಮ್ಮೂರಿಗೆ ಬರಲಿಲ್ಲ. ಅವನೂ ಎಲ್ಲಿಗಾದರೂ ಗುಳೆ ಹೋಗಿರಬೇಕು.

ಮೂರನೆಯ ದಿನ ಮೊಮ್ಮಗಳಿಗೆ ಮಂಕಿಕ್ಯಾಪು, ಜಾಕೆಟ್ಟು ತೊಡಿಸಿದೆ. “ದೂರಿಂದ ನೋಡಿ ಬರೂಣು. ಮುಟ್ಟೂದು ಬ್ಯಾಡ,” ಎಂದು ಒಪ್ಪಿಸಿ ಕರೆದುಕೊಂಡು ಹೋದೆ. ಹೊರಗೆ ಎಲುಬು ನಡುಗಿಸುವ ಚಳಿ ಇದ್ದರೂ ಊಟದ ಹಾಲ್‌ನ ಹೀಟರಿಗೆ ನನ್ನ ಸ್ವೆಟರಿನೊಳಗೇ ಬೆವರು. ಅಷ್ಟು ದಪ್ಪ ಕೂದಲಿನೊಳಗಿನ ಜೀವಕ್ಕೆ ಹೇಗಿರಬೇಡ? ಮಗುವಿನ ನೀಲಿ ಬಾಟಲಿ ನನ್ನ ಹೆಗಲಲ್ಲೇ ಇತ್ತು. ಅದನ್ನು ಕರಡಿಯ ಮುಂದೆ ಹಿಡಿದು, “ವುಡ್ ಯು ಕೇರ್ ಫಾರ್ ಸಮ್ ವಾಟರ್?” ಎಂದೆ.

ಕರಡಿಯ ಜೊತೆಗಿದ್ದ ಹುಡುಗಿ ನಕ್ಕಳು. ವೇಷದವರು ಮಾತಾಡುವಂತಿಲ್ಲ, ಎಲ್ಲರೆದುರು ತಲೆ ತೆಗೆಯುವಂತಿಲ್ಲ, ರೂಲ್ ಇದೆ ಮ್ಯಾಮ್, ಎಂದಳು. ಭಾಲ್ಕಿಯ ಕಟ್ಟೆಯನ್ನೇ ನೆನೆಯುತ್ತಾ ಬಂದವಳಿಗೆ ಇದು ಹೊಳೆದೇ ಇರಲಿಲ್ಲ.

“ದೆನ್ ಲೆಟ್ ಹಿಮ್ ಟೇಕ್ ಇಟ್ ಇನ್‌ಸೈಡ್,” ಎಂದೆ.

ಕರಡಿ ಆ ಹುಡುಗಿಯ ಕಡೆ ಒಮ್ಮೆ ತಿರುಗಿತು. ಆಮೇಲೆ ಎರಡೂ ಪಂಜಗಳಲ್ಲಿ ಬಾಟಲಿ ಹಿಡಿದುಕೊಂಡು ಪರದೆಯ ಹಿಂದೆ ಹೋಯಿತು.

“ಅಜ್ಜಿ, ಅದು ನಂದು,” ಎಂದಳು ಮೊಮ್ಮಗಳು, ನನ್ನ ಸೆರಗಿನ ಹಿಂದಿನಿಂದ.

“ಬಾಟಲಿ ಹೋತು ನೋಡ್ರಿ ಅತ್ತೀ,” ಎಂದ ನಮ್ಮ ಹಿಂದೆಯೇ ಬಂದಿದ್ದ ಅಳಿಯ. “ಇನ್ನ ಪೆಂಗ್ವಿನ್‌ಗೆ ಚಾ ಕೇಳ್ರಿ.”

ಮಗುವಿನ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಕರಡಿ ಬಂದೀತೆಂಬ ಭಯವೋ, ಬಾಟಲಿ ಬಾರದೆಂಬ ಭಯವೋ, ನನಗೂ ಗೊತ್ತಾಗಲಿಲ್ಲ. ಕರಡಿ ಬಂತು. ಅವಳ ಎದುರು ಮಂಡಿಯೂರಿ, ಬಾಟಲಿಯನ್ನು ತಲೆಕೆಳಗು ಮಾಡಿ ತೋರಿಸಿತು. ಒಂದು ಹನಿಯೂ ಬೀಳಲಿಲ್ಲ.

ನನ್ನ ಸೆರಗು ಸಡಿಲವಾಯಿತು. ಅವಳು ಹೋಗಿ ಬಾಟಲಿ ಇಸಿದುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

“ಪೂರಾ ಕುಡದದ, ಅಜ್ಜಿ.” ಆಮೇಲೆ ಆ ದೊಡ್ಡ ಮುಖದ ಕಡೆ ತಿರುಗಿ, “ಇನ್ನಾ ಬೇಕೇನು?” ಎಂದಳು.

ಕರಡಿಗೆ ಏನು ತಿಳಿಯಿತೋ, ತಲೆಯಾಡಿಸಿತು.

ನೀರಿನ ನಲ್ಲಿ ಇದ್ದದ್ದು ಹಾಲ್‌ನ ಆಚೆ ತುದಿಯಲ್ಲಿ, ಡೆಕ್ಕಿನ ಗಾಜಿನ ಬಾಗಿಲ ಪಕ್ಕ. ಅವಳು ಮುಂದೆ, ಕರಡಿ ಹಿಂದೆ, ಮಂಡಿ ನೋವಿನ ನಾನು ಎಲ್ಲರಿಗಿಂತ ಹಿಂದೆ. ಬಾಟಲಿ ತುಂಬುತ್ತಿರುವಾಗ ಅವಳು ಗಾಜಿನಾಚೆ ನೋಡಿದಳು.

“ಅಜ್ಜಿ, ಗುಡ್ಡಾ ಎಲ್ಲಾ ಬೆಳ್ಳಗ ಅವ,” ಎಂದಳು, ಅವು ಈಗಷ್ಟೇ ಬಂದು ನಿಂತವು ಎಂಬಂತೆ.