ನಾನು ಬಿಟ್ಟ ಷರತ್ತು, ನಮ್ಮ ಗಣಿತದ ಸರ್

ನಮ್ಮ ಗಣಿತದ ಸರ್ ಅವರ ಎಡಗಿವಿ ಬಲಗಿವಿಗಿಂತ ಮುಂದಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಮಂದಿ ಮಾತಾಡುವಾಗೆಲ್ಲ ಅಂಗೈಯಿಂದ ತಳ್ಳಿ ತಳ್ಳಿ ಅದು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ಕಿವುಡರೇನಲ್ಲ, ಕೇಳಿದ್ದನ್ನೇ ಇನ್ನೊಮ್ಮೆ ಕೇಳುವ ಚಟ. ಯಾರು ಏನೇ ಹೇಳಲಿ, ‘ಅಂದ್ರ?’ ಅನ್ನುವರು. ಒಮ್ಮೆ ಜವಾನ ಬಂದು ‘ಪ್ರಿನ್ಸಿಪಾಲರು ಕರ್ಯಾಕತ್ತಾರ್ರಿ’ ಅಂದಾಗಲೂ ‘ಅಂದ್ರ?’ ಅಂದರು. ‘ಅಂದ್ರ ನೀವು ಎದ್ದು ಬರ್ಬೇಕಂತ್ರಿ’ ಅಂತ ಅವನು ನನ್ನ ಕಡೆ ಕಣ್ಣು ಹೊಡೆದ.

ನನ್ನ ಕಡೆ ಯಾಕೆಂದರೆ, ಸುರಪುರದ ಆ ಕಾಲೇಜಿನಲ್ಲಿ ದನಿ ಕದಿಯುವ ಕಳ್ಳ ನಾನೇ. ಪ್ರಿನ್ಸಿಪಾಲರ ಕೆಮ್ಮು, ಯಾದಗಿರಿ ಬಸ್ಸಿನ ಕಂಡಕ್ಟರನ ರಾಗ, ಕಾಗೆ ಕೂಗಿದಂಥ ನನ್ನದೇ ನಗು, ಎಲ್ಲ ಮಾಡಿ ತೋರಿಸುತ್ತಿದ್ದೆ. ಸರ್ ಅವರ ‘ಅಂದ್ರ?’ಕ್ಕೆ ಬೇಡಿಕೆ ಜಾಸ್ತಿ.

ಮಂದಿ ಬಾಯಿಮಾತಿನಲ್ಲಿ ಹೇಳುವ ತ್ರಾಸನ್ನು ಗಣಿತಕ್ಕೆ ತಿರುಗಿಸಿ, ಕೋಡ್ ಬರೆದು, ಇರುವುದರಲ್ಲೇ ಒಳ್ಳೆಯ ದಾರಿ ಯಾವುದೆಂದು ಕಂಪ್ಯೂಟರಿನಿಂದ ಹುಡುಕಿಸುವುದನ್ನು ಅವರು ಕಲಿಸುತ್ತಿದ್ದರು. ಯಾವುದು ನಮ್ಮ ಕೈಯಲ್ಲಿದೆ, ಯಾವುದು ಕಡಿಮೆಯಾಗಬೇಕು, ಯಾವ ಷರತ್ತು ಮುರಿಯುವಂತಿಲ್ಲ, ಇಷ್ಟು ಸಿಕ್ಕರೆ ಸಾಕು. ಆದರೆ ಅವರದೊಂದು ಹಟವಿತ್ತು. ಕೋಡ್ ಬರೆದ ಮೇಲೆ ತ್ರಾಸು ಹೇಳಿದವರ ಮುಂದೆಯೇ ಹೋಗಿ, ಒಂದೊಂದು ಸಾಲನ್ನೂ ಅವರ ಮಾತಿಗೆ ತಿರುಗಿಸಿ ಓದಬೇಕು. ಅವರು ‘ಹೌದ್ರಿ, ಇದೇ ನಮ್ ತ್ರಾಸು’ ಅಂದರಷ್ಟೇ ಅದು ಲೆಕ್ಕ.

“ಕಂಪ್ಯೂಟರಿಗೆ ನೀ ಹೇಳಿದ್ದಷ್ಟೇ ಗೊತ್ತಪಾ. ನೀ ನುಂಗಿದ್ದು ಅದಕ್ಕೆಂಗ ಗೊತ್ತಾಗ್ಬೇಕು?” ಅನ್ನುವರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ನಮ್ಮೂರಿನದೇ ತ್ರಾಸು ತಂದೆ. ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಹತ್ತಿಸಿಕೊಳ್ಳಲು ಮೂರು ಗಾಲಿಯ ಟಂಟಂ ಗಾಡಿ ಓಣಿ ಓಣಿ ತಿರುಗುವಷ್ಟರಲ್ಲಿ ಹೊತ್ತು ಏರುತ್ತಿತ್ತು. ಎಲ್ಲರೂ ಒಂದೇ ಕಡೆ ಬಂದು ಕಾಯುವುದಾದರೆ ಎಲ್ಲಿ? ನೆರಳಿರಬೇಕು, ಗಾಡಿ ತಿರುಗಿಸಲು ಜಾಗವಿರಬೇಕು, ಎಲ್ಲರ ನಡಿಗೆ ಕೂಡಿಸಿದರೆ ಕಡಿಮೆ ಇರಬೇಕು.

“ಇನ್ನೇನರ ಷರತ್ತು ಅದಾವೇನು?” ಸರ್ ಕೇಳಿದರು.

ಇತ್ತು. ಊರ ನಡುವಿನ ಬೇವಿನ ಕಟ್ಟೆಯ ಮೇಲೆ ನಮ್ಮ ಕೇರಿಯವರು ಕೂಡುವುದಿಲ್ಲ. ಬೋರ್ಡೇನೂ ಹಾಕಿಲ್ಲ. ಕೂತವರಿಲ್ಲ, ಅಷ್ಟೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಅದರ ಕೆಳಗೇ ಮಲಗಿ ಬೆಳೆದವನು ನಾನು. ಆದರೆ ಕಾಲೇಜಿನಲ್ಲಿ ಯಾರಾದರೂ ‘ನಿಮ್ದ್ಯಾವ ಓಣಿ?’ ಅಂದರೆ ಕಂಡಕ್ಟರನ ರಾಗದಲ್ಲಿ ‘ಹಿಂದ್ ಸರೀರಿ, ಹಿಂದ್ ಸರೀರಿ’ ಅಂತ ನಗಿಸಿ ಪಾರಾಗುತ್ತಿದ್ದೆ. ಅಂದೂ ಟಂಟಂ ಡ್ರೈವರನ ದನಿ ತೆಗೆದೆ: “ಷರತ್ತೇನಿಲ್ರೀ ಸರಾ, ಗಾಡಿಯಾಗ ಯಾರೂ ಗುಟ್ಕಾ ಉಗುಳಬಾರ್ದು, ನನ್ನೊಬ್ಬನ್ನ ಬಿಟ್ಟು!”

ಲ್ಯಾಬಿಗೆ ಲ್ಯಾಬೇ ನಕ್ಕಿತು. ಸರ್ ಕೂಡ ನಕ್ಕರು. ಕೋಡ್ ಓಡಿತು. ಬೇವಿನ ಕಟ್ಟೆಯನ್ನೇ ಆರಿಸಿತು.

ರಜೆಯ ದಿನ ಸರ್ ಓದಿ ಹೇಳಲು ನಮ್ಮೂರಿಗೆ ಬಂದರು. ಊರ ಹೆಂಗಸರು ಕಟ್ಟೆಯ ಮೇಲೆ ಸರಿದು ಅವರಿಗೆ ಜಾಗ ಕೊಟ್ಟರು. ನಮ್ಮ ಕೇರಿಯವರು ರಸ್ತೆಯ ಆಚೆ, ಬಿಸಿಲಿನಲ್ಲಿ ಸೆರಗು ಹೊದ್ದು ನಿಂತರು. ನಾನು ನಡುವೆ ನಿಂತು ಎರಡೂ ಕಡೆಯವರಿಗೆ ಹಲ್ಲು ಕಿರಿಯುತ್ತಿದ್ದೆ.

“ಎಲ್ಲಾರೂ ಇಲ್ಲಿ ನೆಳ್ಳಾಗ ಕುಂತು ಗಾಡಿ ಕಾಯೋದು. ಬರೋಬರಿ ಐತೇನವ್ವಾ?” ಸರ್ ನಮ್ಮ ಅವ್ವನನ್ನೇ ಕೇಳಿದರು. ಅವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ಯಾರು ಕುಂದ್ರೋದ್ರಿ?”

“ನೀವೇ.”

“ನಾವು ಅಲ್ಲಿ ಕುಂದ್ರಂಗಿಲ್ರಿ,” ಅವ್ವ ನನ್ನ ಕಡೆ ನೋಡಿದಳು. “ನಮ್ ಹುಡುಗ ಹೇಳಿಲ್ಲೇನ್ರಿ?”

ಸರ್ ಕೈ ಕಿವಿಯತ್ತ ಹೋಯಿತು, ಅರ್ಧಕ್ಕೇ ನಿಂತಿತು. ‘ಅಂದ್ರ?’ ಬರಲಿಲ್ಲ. ಮೆಲ್ಲಗೆ ಕಟ್ಟೆಯಿಂದ ಇಳಿದರು. ನಾನು ಮತ್ತೆ ಡ್ರೈವರನ ದನಿಗೆ ಬಾಯಿ ತೆರೆದೆ, ಎಂಥ ನಾಚಿಕೆಗೇಡಿ ಬಾಯಿ ಅದು! ಯಾರೂ ನಗಲಿಲ್ಲ.

“ಊರಾಗಿನ ಎಲ್ಲಾರ ದನಿ ಬರ್ತದಲ್ಲೋ ತಮ್ಮಾ ನಿನಗ,” ಅಂದರು ಸರ್, ಅಷ್ಟೇ.

ಮರುದಿನ ಲ್ಯಾಬಿನಲ್ಲಿ ನಾನೇ ಅವಸರ ಮಾಡಿದೆ. “ಒಂದು ಸಾಲು ಸೇರಿಸಿದ್ರ ಆತ್ರಿ ಸರ್. ಕೇರಿಯವ್ರಿಗೆ ಕಟ್ಟಿ ಇಲ್ಲ ಅಂತ.”

ಅವರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. “ಬರದ್ರ ಒಪ್ಕೊಂಡಂಗ ಆತು. ಬರೀದಿದ್ರ ನಿಮ್ಮವ್ವ ಬಿಸಲಾಗ ನಿಂದ್ರತಾಳ.”

ಆಮೇಲೆ ಷರತ್ತು ಮುಟ್ಟಲಿಲ್ಲ, ಗುರಿಯನ್ನೇ ತಿದ್ದಿದರು: ಎಲ್ಲರ ನಡಿಗೆಯ ಮೊತ್ತ ಕಡಿಮೆ ಆಗುವುದಲ್ಲ, ಎಲ್ಲರಿಗಿಂತ ದೂರದವರ ನಡಿಗೆ ಕಡಿಮೆ ಆಗಬೇಕು. ಕಾಯುವ ಜಾಗ ಊರಿಗೂ ಕೇರಿಗೂ ನಡುವಿನ ಶಾಲೆಯ ಹುಣಸೆಮರಕ್ಕೆ ಸರಿಯಿತು. ನಾನು ಕುಣಿದೆ. ಸರ್ ಮುಖ ಸಣ್ಣದಾಗಿತ್ತು. “ಇದು ಜಾಣತನ ಅಷ್ಟೇ. ಧೈರ್ಯ ಅಲ್ಲಪಾ” ಅಂದರು.

ಪರೀಕ್ಷೆಗೆ ಹೊರಗಿನಿಂದ ಬಂದವರು ಗುರಿ ಯಾಕೆ ಬದಲಾಯಿಸಿದಿರಿ ಅಂತ ಕೇಳಿದರು. “ಡೀಸೆಲ್ ಉಳೀತದ್ರಿ” ಅಂದೆ. ಹೊಸ ಜಾಗಕ್ಕೆ ಡೀಸೆಲ್ ಹೆಚ್ಚೇ ಬೇಕಿತ್ತು! ಅವರು ತಲೆಯಾಡಿಸಿದರು. ಪಕ್ಕದಲ್ಲಿದ್ದ ಸರ್ ಕಿಟಕಿಯ ಹೊರಗೆ ನೋಡಿದರು. ಆಮೇಲೆ ವರಾಂಡದಲ್ಲಿ, “ನಾನೂ ಸುಮ್ಮನೇ ಕುಂತೆ ನೋಡು. ತಪ್ಪು ನಿಂದಷ್ಟೇ ಅಲ್ಲ, ನಂದೂ ಐತಿ” ಅಂದರು. ನನ್ನ ಪಾಲಿನದನ್ನೂ ಹೊರಲು ಬಂದ ಆ ಮನುಷ್ಯನಿಗೆ ಆಗಲಾದರೂ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳಬೇಕೆಂದರೆ ಅವರಿಲ್ಲ. ಶಹಾಪುರದ ತಮ್ಮ ಮನೆಯಲ್ಲಿ, ಚಹಾ ಕುಡಿಯುತ್ತ ಕೂತಲ್ಲೇ ಹೋದರಂತೆ.

ಹುಣಸೆಮರದ ಕೆಳಗೆ ಹೆಂಗಸರು ಈಗಲೂ ಕೂಡುತ್ತಾರೆ. ಊರವರೂ ಕೇರಿಯವರೂ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟೇ ಕೂಡುತ್ತಾರೆ. ಆ ಜಾಗಕ್ಕೆ ನನ್ನ ಹತ್ತಿರ ಕೋಡ್ ಇಲ್ಲ.

ಮೊನ್ನೆ ಒಂದು ಹಳ್ಳಿಯಲ್ಲಿ ನೀರಿನ ಟ್ಯಾಂಕರ್ ಎಲ್ಲೆಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವ ಕೆಲಸಕ್ಕೆ ಹೋಗಿದ್ದೆ. ಎಲ್ಲರ ಮಾತು ಮುಗಿದ ಮೇಲೆ “ಇನ್ನೇನರ ಷರತ್ತು ಅದಾವೇನ್ರಿ?” ಅಂದೆ. ಹಿಂದೆ ಕೂತ ಒಬ್ಬ ಹುಡುಗ ಟ್ಯಾಂಕರಿನ ಹಾರ್ನ್ ಥೇಟ್ ಹಾಗೇ ಬಾಯಲ್ಲಿ ಮಾಡಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವನನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವನ ನಗುವೂ ನಿಂತಿತು.

ಎಲ್ಲರೂ ಚಹಾಕ್ಕೆ ಎದ್ದರು. ಅವನು ಏಳಲಿಲ್ಲ. ನಾನೂ ಏಳಲಿಲ್ಲ.